ಹನಮವ್ವನ ಎರಡನೇ ಬ್ಯಾಟರಿ

ಕಡಲೆ ಕಿತ್ತ ಮೇಲೆ ಯರಗುಪ್ಪಿಯ ನನ್ನ ಎರೆ ಹೊಲದಲ್ಲಿ ಪ್ರತಿ ವರ್ಷ ಹನಮವ್ವನ ಕುರಿ ತರುಬಿಸುತ್ತೇನೆ. ಬಮ್ಮಿಗಟ್ಟಿ ಕಡೆಯವಳು. ರಾತ್ರಿ ಹಿಂಡು ಅಲ್ಲಿ ಮಲಗಿದ್ದಕ್ಕೆ ನನ್ನ ಹೊಲಕ್ಕೆ ಗೊಬ್ಬರ, ಅವರಿಗೆ ಜೋಳ. ನಮ್ಮಪ್ಪನ ಕಾಲದಲ್ಲಿ ಅವರ ಸಂಸಾರ ಕುದುರೆಯ ಬೆನ್ನ ಮೇಲೆ ಬರುತ್ತಿತ್ತು. ಈಗ ಹಳೆಯ ಡೀಸೆಲ್ ಗೂಡ್ಸ್ ಗಾಡಿಯಲ್ಲಿ ಬರುತ್ತದೆ. ಕುದುರೆಗೆ ಹುಲ್ಲು ಹಾಕಿದರೆ ಸಾಕಿತ್ತು. ಗಾಡಿಗೆ ಹನಮವ್ವನ ಮಗ ಬೀರೇಶನ ಬುದ್ಧಿ ಬೇಕು, ಅದು ಹುಲ್ಲಿನಷ್ಟು ಸುಲಭಕ್ಕೆ ಸಿಗುವ ಸಾಮಾನಲ್ಲ.

ಹನಮವ್ವನಿಗೆ ಅರವತ್ತು ದಾಟಿದೆ. ಇನ್ನೂರು ಕುರಿಗಳನ್ನು ಒಂದೊಂದಾಗಿ ಮುಖ ನೋಡಿ ಗುರುತಿಸುತ್ತಾಳೆ. ನನ್ನನ್ನು ಮಾತ್ರ ವರ್ಷಕ್ಕೊಮ್ಮೆ "ಯಾರಪಾ ನೀ?" ಎಂದು ಕೇಳುತ್ತಾಳೆ. ಹೊಲ ನನ್ನದೆಂದು ಹೇಳಿದರೆ, ಇರಲಿ ಬಿಡು ಎನ್ನುವಂತೆ ತಲೆಯಾಡಿಸುತ್ತಾಳೆ.

ಎರಡು ವರ್ಷದಿಂದ ಆಕೆಗೆ ದಮ್ಮು. ಡಾಕ್ಟರು ಒಂದು ಪುಟ್ಟ ಮಷಿನ್ ಕೊಡಿಸಿದ್ದಾರೆ. ಬೆಳಿಗ್ಗೆ, ಸಂಜೆ ಅದರ ಮಾಸ್ಕನ್ನು ಮೂಗಿಗೆ ಹಿಡಿದು ಔಷಧದ ಹಬೆ ಎಳೆದುಕೊಳ್ಳಬೇಕು. ಅದಕ್ಕೆ ಕರೆಂಟು ಬೇಕು. ನಮ್ಮ ಹೊಲದ ಮೇಲೆ ಹಾದುಹೋಗುವ ಕರೆಂಟಿನ ತಂತಿ ಇರುವುದು ಕಾಗೆಗಳ ಅನುಕೂಲಕ್ಕೆ.

"ಹಂಗಾರ ಈ ಸಲ ನೀ ಮನ್ಯಾಗ ಇರು ಬೇ," ಎಂದನಂತೆ ಬೀರೇಶ.

"ಗ್ವಾಡಿ ನೋಡ್ಕೋತ ಕುಂತ್ರ ದಮ್ಮ ಹೋಗತೈತೇನಲೇ? ಕುರಿ ಹಿಂದ ನಡಿಲಿಲ್ಲಂದ್ರ ನಾ ಅಲ್ಲೇ ಸಾಯ್ತೀನಿ," ಎಂದಳಂತೆ ಅವಳು. ಮಷಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿ ಕುಂದಗೋಳಕ್ಕೆ, ಬ್ಯಾಟರಿ ಅಂಗಡಿಯ ಬಾಬಾಸಾಬನ ಹತ್ತಿರ ಹೋದಳು.

ಬಾಬಾಸಾಬ ಕಡಿಮೆ ಮಾತಿನ ಮನುಷ್ಯ. ಗಾಡಿಯನ್ನು ಅಂಗಡಿಗೆ ತರಿಸಿ, ಅದರಲ್ಲಿ ಎರಡನೇ ಬ್ಯಾಟರಿ ಕೂರಿಸಿ, ಅದಕ್ಕೊಂದು ಸಣ್ಣ ಇನ್ವರ್ಟರ್ ಜೋಡಿಸಿ, ಎರಡು ಬ್ಯಾಟರಿಗಳ ನಡುವೆ ಕೆಂಪು ಸ್ವಿಚ್ಚೊಂದನ್ನು ಇಟ್ಟ. "ಗಾಡಿ ಓಡುಮುಂದ ಸ್ವಿಚ್ ಹಾಕ್ರಿ, ಎರಡೂ ಚಾರ್ಜ್ ಆಗತಾವು. ನಿಂತ ಕೂಡ್ಲೆ ತೆಗೀರಿ. ಇಲ್ಲಾಂದ್ರ ಒಂದ್ ಮಲಗಿದ್ರ ಇನ್ನೊಂದೂ ಮಲಗತೈತಿ," ಎಂದ. ಅಷ್ಟೇ. ಹನಮವ್ವ ಕುರಿಯ ಹಿಂದೆ ಹೊರಟೇಬಿಟ್ಟಳು.

ಹೊಲದಲ್ಲಿ ಕರೆಂಟು ಬಂದಿದೆ ಎಂಬ ಸುದ್ದಿಗೆ ಕಾಲು ಬೇಕಾಗಲಿಲ್ಲ. ಬೀರೇಶನ ಸ್ಪೀಕರ್ ಅದಕ್ಕೇ, ಸೊಸೆ ಸುವರ್ಣಾಳ ಮಿಕ್ಸಿ ಅದಕ್ಕೇ, ಬಾಜು ಹೊಲದವರ ಫೋನುಗಳೂ ಅದಕ್ಕೇ. ನನ್ನದೂ. ನನ್ನ ಮನೆಯಲ್ಲಿ ಕರೆಂಟಿಲ್ಲವೇ? ಇದೆ. ಆದರೆ ಮೋಡ ಬಂದಿದೆಯೇ ಎಂದು ತಲೆ ಎತ್ತಿ ನೋಡುವ ಬದಲು ಫೋನಿನಲ್ಲಿ ನೋಡುವಷ್ಟು ನಾನು ಮುಂದುವರಿದ ರೈತ. ಈ ಪುಕ್ಕಟೆ ಕರೆಂಟು ಇಳಿದಾಗ ಬೀರೇಶ ಎರಡು ಲೀಟರ್ ಡೀಸೆಲ್ ಸುಟ್ಟು ಕುಂದಗೋಳಕ್ಕೆ ಹೋಗಿ ಚಹಾ ಕುಡಿದು ಬರುತ್ತಿದ್ದ. ಪ್ರತಿ ಸಲ ಬಗ್ಗಿ ಸ್ವಿಚ್ ತೆಗೆದು ಹಾಕಿ ಮಾಡುವುದು ಅಂಥ ಮನುಷ್ಯನಿಗೆ ಶೋಭಿಸುತ್ತದೆಯೇ? ಸ್ವಿಚ್ಚನ್ನು ಹಾಕಿದ ಹಾಗೆಯೇ ತಂತಿ ಸುತ್ತಿ ಬಿಗಿದುಬಿಟ್ಟ.

ಯುಗಾದಿಯ ಹಿಂದಿನ ದಿನ ಅಮವಾಸ್ಯೆ ಬಂತು. ಗಾಡಿ ತೊಳೆದು, ಹಾರ ಹಾಕಿ, ನಾಲ್ಕೂ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟರು. ಅವತ್ತು ಗಾಡಿ ಅಲಗಿಸುವಂತಿಲ್ಲ, ಮರುದಿನವೇ ಹಣ್ಣಿನ ಮೇಲೆ ಹಾಯಿಸಬೇಕು. ಇದು ಹನಮವ್ವನದೇ ಕಟ್ಟುನಿಟ್ಟು, ನನ್ನದೂ ಅದೇ. ಬದುವಿನ ಮೇಲೆ ನನ್ನ ಟ್ರ್ಯಾಕ್ಟರೂ ಹಾರ ಹಾಕಿಕೊಂಡು, ಲಿಂಬೆಯ ಮೇಲೆ ಕಾಲಿಡಲು ಮುಹೂರ್ತ ಕಾಯುತ್ತ ನಿಂತಿತ್ತು. ಬೆಳಗಿನಿಂದ ಸ್ಪೀಕರಿನಲ್ಲಿ ದೇವರ ಹಾಡು ದೇವರಿಗೇ ಸಾಕಾಗುವಷ್ಟು ಮೊಳಗಿತು. ಹೋಳಿಗೆಯ ಹೂರಣವನ್ನು ಮಿಕ್ಸಿ ರುಬ್ಬಿತು. ಪೂಜೆ ಮುಗಿಯಲಿ ಎಂದು ಹನಮವ್ವ ಔಷಧವನ್ನು ಮುಂದಕ್ಕೆ ಹಾಕಿದ್ದಳು.

ಮಧ್ಯಾಹ್ನ ಮಾಸ್ಕ್ ಹಿಡಿದು ಕುಳಿತಾಗ ಮಷಿನ್ ಒಮ್ಮೆ ಗುರ್ರ್ ಎಂದು ಸುಮ್ಮನಾಯಿತು. ಅಷ್ಟು ಹೊತ್ತಿಗೆ ಆಕೆಯ ಎದೆ ಸೀಟಿ ಹೊಡೆಯುತ್ತಿತ್ತು. ಬೀರೇಶ ಅಮವಾಸ್ಯೆಯನ್ನು ಮರೆತು ಓಡಿಹೋಗಿ ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಬಾಬಾಸಾಬ ಹೇಳಿದಂತೆ ಎರಡೂ ಒಟ್ಟಿಗೆ ಮಲಗಿದ್ದವು.

"ಕಾಕಾ, ನಿಮ್ಮ ಟ್ರ್ಯಾಕ್ಟರ್ ಕಟ್ಟಿ ಎಳದ್ರ ಚಾಲೂ ಆಗತೈತ್ರಿ," ಎಂದು ಬೀರೇಶ ನನ್ನ ಕಡೆ ನೋಡಿದ. ನಾನು ಲಿಂಬೆಹಣ್ಣುಗಳ ಕಡೆ ನೋಡಿದೆ.

ಒಂದೇ ಗಳಿಗೆ. ಆದರೆ ನೋಡಿದ್ದು ನಿಜ. ಎದುರಿಗೆ ಒಬ್ಬಳು ಉಸಿರಿಗಾಗಿ ಬಾಯಿ ಬಿಡುತ್ತಿದ್ದಾಗ ನಾನು ಹಣ್ಣಿನ ಲೆಕ್ಕ ಮಾಡುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಹನಮವ್ವನಿಗೆ ಮಾತಾಡಲು ಉಸಿರಿರಲಿಲ್ಲ. ಎದ್ದು, ಎರಡು ಸಲ ನಿಂತು ಸುಧಾರಿಸಿಕೊಂಡು, ನನ್ನ ಟ್ರ್ಯಾಕ್ಟರಿನ ತನಕ ನಡೆದಳು. ಮುಂದಿನ ಗಾಲಿಯ ಕೆಳಗಿನ ಲಿಂಬೆಹಣ್ಣನ್ನು ಕಿತ್ತು ಹೊಲದೊಳಕ್ಕೆ ಎಸೆದಳು. ಎರಡನೆಯದಕ್ಕೆ ಬಗ್ಗಿದವಳು ಏಳಲಾರದೆ ಗಾಲಿ ಹಿಡಿದು ಅಲ್ಲೇ ಕುಳಿತಳು. ಅದನ್ನೂ ಉಳಿದೆರಡನ್ನೂ ನಾನೇ ತೆಗೆದು ಎಸೆದೆ. ಸುವರ್ಣಾ ಅತ್ತೆಯನ್ನು ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿದಳು. ಹಗ್ಗ ಕಟ್ಟಿ ಎಳೆದೆ. ಹತ್ತು ಮಾರು ಹೋಗುವಷ್ಟರಲ್ಲಿ ಬೀರೇಶನ ಗಾಡಿ ಹೊಗೆ ಕಾರಿ ಎದ್ದಿತು, ಹಿಂದೆಯೇ ಮಷಿನ್ನೂ ಗುರ್ರ್ ಎಂದಿತು. ಅರ್ಧ ತಾಸಿಗೆ ಹನಮವ್ವನ ಮುಖಕ್ಕೆ ಬಣ್ಣ ಮರಳಿತು. ಮಾಸ್ಕ್ ತೆಗೆದವಳು ಮೊದಲು ಕೇಳಿದ್ದು, ಕುರಿಗೆ ನೀರು ಕುಡಿಸಿದ್ದೀರಾ ಎಂದು.

ಮರುದಿನ ಅವಳೇ ಸ್ವಿಚ್ಚಿನ ತಂತಿ ಬಿಚ್ಚಿದಳು. ಬ್ಯಾಟರಿಯ ಪೆಟ್ಟಿಗೆಯ ಮೇಲೆ ಕಂಬಳಿ ಮಡಚಿ ಹಾಸಿ ಅದರ ಮೇಲೆ ಕುಳಿತಳು. ಅಂದಿನಿಂದ ಸ್ಪೀಕರ್ ಮೌನವ್ರತ ಹಿಡಿಯಿತು, ಚಟ್ನಿ ಮತ್ತೆ ಕಲ್ಲಿಗೆ ಬಂತು.

ಎಂಟು ದಿನ ಬಿಟ್ಟು ಹೊಲಕ್ಕೆ ಹೋದಾಗ ನನ್ನ ಫೋನಿನಲ್ಲಿ ಚಾರ್ಜು ಮುಗಿಯುತ್ತ ಬಂದಿತ್ತು. ಮೊದಲ ಬಾರಿಗೆ ಆಕೆ ನನ್ನ ಗುರುತು ಹಿಡಿದಳು.

"ಬಾರಪಾ, ಲಿಂಬಿಹಣ್ಣಿನಾಂವ," ಎಂದಳು. ನನ್ನ ಕೈಯಲ್ಲಿದ್ದ ಫೋನ್ ನೋಡಿದಳು. ಪೆಟ್ಟಿಗೆಯಿಂದ ಏಳಲಿಲ್ಲ. "ಅದು ಸತ್ರ ಮನಿಗೆ ಒಯ್ದು ಎಬ್ಬಸ್ಕೋತೀ. ನಾ ಸತ್ರ ಯಾರ್ ಎಬ್ಬಸ್ತೀರಿ?"

ನಾನು ಫೋನನ್ನು ಕಿಸೆಗೆ ಹಾಕಿಕೊಂಡೆ. ಮೋಡ ಬಂದಿದೆಯೇ ಎಂದು ತಲೆ ಎತ್ತಿ ನೋಡಿದೆ.