ನೆಲಮಾಳಿಗೆಯ ಒಲೆ, ಮೂರಂತಸ್ತಿನ ಮನೆ

ಅಮೆರಿಕದ ನಮ್ಮ ಫಾಲ್ ರಿವರ್‌ನಲ್ಲಿ ಪೋರ್ಚುಗಲ್ಲಿನ ಅಸೋರ್ಸ್ ದ್ವೀಪದಿಂದ ಬಂದ ಮಂದಿಗೆ ಮನೆಗೆರಡು ಅಡುಗೆಮನೆ. ಮೇಲಿನದು ನೋಡುವುದಕ್ಕೆ, ನೆಲಮಾಳಿಗೆಯದು ಬೇಯಿಸುವುದಕ್ಕೆ. ಮೇಲಿನ ಒಲೆ ಹಚ್ಚಿದ ಹೆಂಗಸಿನ ಸುದ್ದಿ ಭಾನುವಾರ ಇಗರ್ಜಿಯ ಮೆಟ್ಟಿಲಿಳಿಯುವಷ್ಟರಲ್ಲಿ ಊರೆಲ್ಲ ಹಬ್ಬಿರುತ್ತದೆ. ಈ ಧರ್ಮಸೂಕ್ಷ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದರಿಂದ, ಒಡಿಲಿಯಾ ಫುರ್ತಾದೊ ಮನೆಯೊಡತಿಯಾಗುವುದು ಇನ್ನೇನು ತಪ್ಪಿಹೋಗುವುದರಲ್ಲಿತ್ತು.

ಒಡಿಲಿಯಾ ಶಾಲೆಯೊಂದರ ಅಡುಗೆಯವಳು. ತಾಯಿ ಎರ್ಮಿನಿಯಾ ಜೊತೆ ಹತ್ತೊಂಬತ್ತು ವರ್ಷದಿಂದ ಮೂರಂತಸ್ತಿನ ಮರದ ಮನೆಯೊಂದರ ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಗಿದ್ದಳು. ಮನೆಯ ಯಜಮಾನ ಬೆಲಾರ್ಮಿನೊ ದ್ವೀಪಕ್ಕೆ ಮರಳುವವನಾಗಿ, ಇಡೀ ಮನೆಯನ್ನು ಕೊಳ್ಳುತ್ತೀಯಾ ಎಂದು ಮೊದಲು ಅವಳನ್ನೇ ಕೇಳಿದ. ಸರ್ಕಾರದ ಖಾತರಿಯಿರುವ ಸಾಲಕ್ಕೆ ಕೈಯಿಂದ ಬೆಲೆಯ ನೂರಕ್ಕೆ ಮೂರೂವರೆ ಹಾಕಿದರೆ ಸಾಕಿತ್ತು. ಮೇಲಿನ ಎರಡು ಅಂತಸ್ತಿನ ಬಾಡಿಗೆಯೇ ಕಂತಿನ ಬಹುಪಾಲು ತೀರಿಸುತ್ತಿತ್ತು. ಷರತ್ತು ಎರಡು: ತಾನೂ ಅಲ್ಲೇ ವಾಸಿಸಬೇಕು, ಕಾಗದದಲ್ಲಿ ಮೂರು ಸಂಸಾರದ ಮನೆಯೆಂದಿದ್ದರೆ ಮೂರೇ ಇರಬೇಕು. ಸಾಲ ಸಿಗದಿದ್ದರೆ ಕೊಳ್ಳಲು ಬೋಸ್ಟನ್ನಿನವನೊಬ್ಬ ಪೂರ್ತಿ ದುಡ್ಡು ಹಿಡಿದು ಕಾಯುತ್ತಿದ್ದ.

ಮನೆಗೆ ಬೆಲೆ ಕಟ್ಟಲು ಬ್ಯಾಂಕ್ ಕಳಿಸಿದ ವಿಟ್ಕಂಬ್ ಎಂಬ ಮಹಾಶಯ ಟಾರ್ಚ್ ಹಿಡಿದು ದಿಗ್ವಿಜಯಕ್ಕೆ ಹೊರಟ. ಕಟಕಟೆ ಅಲುಗಾಡಿಸಿದ, ಬಣ್ಣ ಕೆರೆದ. ಮನೆ ಜಗ್ಗಲಿಲ್ಲ. ಒಡಿಲಿಯಾ ಮೂರನೇ ಅಂತಸ್ತಿನ ಬೀಗದ ಕೈ ತರಲು ಹೋದಾಗ, ಅವನು ವಾಸನೆ ಹಿಡಿದು ನೆಲಮಾಳಿಗೆಗೆ ಇಳಿದ.

"ಇಲ್ಲಿ ಯಾರಿರ್ತಾರೆ?"

"ನಾವೇ," ಎಂದಳು ಎರ್ಮಿನಿಯಾ, ಹೆಮ್ಮೆಯಿಂದ. "ಮೇಲ್ಗಡೆ ಬರೀ ಬಂದೋರಿಗೆ. ಕೂತ್ಕೊಳ್ಳಿ, ಆಕ್ಟೋಪಸ್ ಬೆಂದಿದೆ."

ಮಹಾಶಯ ಎರಡು ತಟ್ಟೆ ತಿಂದು, ಬಾಯಿ ಒರೆಸಿಕೊಂಡು ಬರೆದ: ನೆಲಮಾಳಿಗೆಯಲ್ಲಿ ಪರವಾನಗಿಯಿಲ್ಲದ ನಾಲ್ಕನೇ ಸಂಸಾರ.

ನಾಲ್ಕು ದಿನಕ್ಕೆ ಬ್ಯಾಂಕಿನ ಪತ್ರ ಬಂತು. ಸರ್ಕಾರದ ನಿಯಮದಂತೆ ಒಲೆಯಿದ್ದಲ್ಲಿ ಒಂದು ಸಂಸಾರವೆಂದೇ ಲೆಕ್ಕ; ಹತ್ತು ದಿನದೊಳಗೆ ಒಲೆ ತೆಗೆದು ಗ್ಯಾಸ್ ಕೊಳವೆ ಮುಚ್ಚಬೇಕು, ಇಲ್ಲವೇ ಸಾಲವಿಲ್ಲ.

"ಅಮ್ಮ, ಬಾಯ್ಮುಚ್ಕೊಂಡು ಬಡಿಸಬಾರ್ದಿತ್ತಾ?"

"ಬಾಯ್ಮುಚ್ಕೊಂಡು ಬಡಿಸೋದು ಜೈಲಲ್ಲಿ."

ಎರ್ಮಿನಿಯಾ ಜಪಮಾಲೆ ಹಿಡಿದು ಒಲೆಯ ಮುಂದೆ ಕುರ್ಚಿ ಹಾಕಿ ಕೋಟೆ ಕಾದಳು. ಸಂಧಾನಕ್ಕೆ ಬಂದ ಬೆಲಾರ್ಮಿನೊ ಊಟ ಮಾಡಿಕೊಂಡು ಹೋದ. ಒಲೆ ಕಳಚಲು ಬಂದ ಕೊಳಾಯಿಯವನು ಎರಡು ಸಲ ಬಂದು ಎರಡು ಸಲವೂ ಊಟ ಮಾಡಿಕೊಂಡು ಹೋದ.

ಒಂಬತ್ತನೇ ದಿನ ಒಡಿಲಿಯಾ ಮೆಟ್ಟಿಲ ಮೇಲೆ ಕುಸಿದು ಕೂತಳು. "ಮನೆ ಬೋಸ್ಟನ್ನಿನವನ ಪಾಲಾದ್ರೆ ಬಾಡಿಗೆ ಏರಿಸ್ತಾನೆ. ಆಮೇಲೆ ನಮಗೆ ಮೇಲೂ ಇಲ್ಲ, ಕೆಳಗೂ ಇಲ್ಲ."

"ಮೇಲೆ ಮೀನು ಹುರಿದ್ರೆ ಜನ ಏನಂತಾರೆ?"

"ಸರ್ಕಾರದ ಆರ್ಡರು ಅಂತ ಹೇಳು."

ಜಪಮಾಲೆ ನಿಂತಿತು. "ಹಾಗಂತ ಕಾಗದದಲ್ಲಿ ಬರೆದಿದ್ಯಾ?"

"ಮೊಹರು ಹಾಕಿ ಬರೆದಿದೆ."

ಮುದುಕಿ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಎದ್ದು ಕುರ್ಚಿಯನ್ನು ತಾನೇ ಪಕ್ಕಕ್ಕೆ ಸರಿಸಿದಳು.

"ಈ ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸತ್ತು ಎಷ್ಟೋ ವರ್ಷ ಆಯ್ತು ಕಣೇ. ಮೇಲೇ ಅಡುಗೆ ಮಾಡು ಅಂತ ಒಬ್ರಾದ್ರೂ ಹೇಳಿದ್ರಾ? ಹೋಗು, ಕೊಳಾಯಿಯವನನ್ನ ಕರಿ. ಊಟ ಮಾತ್ರ ಇವತ್ತು ಇಲ್ಲ ಅನ್ನು."

ಮರುದಿನ ಮತ್ತೆ ಬಂದ ವಿಟ್ಕಂಬ್‌ಗೆ ಕಂಡದ್ದು ಬಟ್ಟೆ ಒಗೆಯುವ ತೊಟ್ಟಿ, ದ್ರಾಕ್ಷಾರಸದ ಪೀಪಾಯಿ. ಸ್ವಲ್ಪ ನಿರಾಸೆಯಿಂದಲೇ ಮೂರು ಸಂಸಾರವೆಂದು ಬರೆದುಕೊಟ್ಟ. ಮುಂದಿನ ವಾರ ಸಹಿಗಳಾದವು.

ಅಂದು ಎರ್ಮಿನಿಯಾ ಮೇಲಿನ ಒಲೆಯ ಮೇಲೆ ಸಾರ್ಡೀನ್ ಹುರಿದಳು. ಹೊಗೆ ಬೀದಿಯವರೆಗೂ ಹೋಯಿತು. ಒಡಿಲಿಯಾ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತ ಬಂದಳು, ಅವಸರವೇ ಇಲ್ಲದೆ. ಎಲ್ಲವೂ ಅವಳ ಕಿಟಕಿಗಳೇ.