ಮಗ್ಗದ ಮನೆಯ ಹಳೆ ಕಂಪ್ಯೂಟರು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಕೂತಿರುವುದನ್ನು ಕಂಡು ಮೊದಮೊದಲು ಜನ, "ರಿಪೇರಿ ಮಾಡೋರು ಎಲ್ಲಿ?" ಅಂತ ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಯಳಂದೂರು, ಹನೂರಿನವರೆಗೂ ನನಗೆ ಕೆಲಸವಿದೆ. ಹೋದ ಕಡೆಯಲ್ಲೆಲ್ಲ ಕಾಣುವುದು ಓಬೀರಾಯನ ಕಾಲದ ವಿಂಡೋಸು. "ಇದನ್ನ ತೆಗೆದು ಹೊಸದು ಹಾಕಿಸಿ" ಎನ್ನುವುದು ನನ್ನ ಬಾಯಿಪಾಠವಾಗಿಬಿಟ್ಟಿತ್ತು. ಅದು ತಪ್ಪಿದ್ದು ಹೋದ ವರ್ಷದ ಬೇಸಿಗೆಯಲ್ಲಿ.

ರೇಷ್ಮೆ ಸೀರೆ ನೇಯಿಸುವ ಒಬ್ಬ ಅಕ್ಕ ಫೋನ್ ಮಾಡಿದರು. ಅರವತ್ತು ದಾಟಿದವರು, ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನೆಲ್ಲ ತಾವೇ ನಡೆಸುತ್ತಿದ್ದಾರೆ. "ಕಂಪ್ಯೂಟರು ಎದ್ದೇಳ್ತಾ ಇಲ್ಲ ಕಣವ್ವಾ, ಬ್ಯಾಗ ಬಾ" ಅಂದರು.

ಹೋದೆ. ಮನೆಯ ಹಿಂಭಾಗದಲ್ಲಿ ಮಗ್ಗಗಳು. ಪ್ರತಿ ಮಗ್ಗದ ನೆತ್ತಿಯ ಮೇಲಿನ ಜಕಾರ್ಡ್ ಯಂತ್ರಕ್ಕೆ ದಪ್ಪ ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಪೋಣಿಸಿ ಸರದಂತೆ ಇಳಿಬಿಟ್ಟಿದ್ದರು. ಆ ಕಾರ್ಡುಗಳ ತೂತುಗಳೇ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಮಗ್ಗಕ್ಕೆ ಹೇಳುವುದು. ಅಂಚು, ಸೆರಗಿನ ಚಿತ್ತಾರವೆಲ್ಲ ಬರುವುದು ಅದರಿಂದ. ತೂತು ಹೊಡೆಯಲು ಮೂಲೆಯಲ್ಲೊಂದು ಪಂಚಿಂಗ್ ಮಿಷನ್ನು. ಅದನ್ನು ನಡೆಸುವುದು ಈ ಕಂಪ್ಯೂಟರು.

ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಹಿಂದಿನ ದಿನ ಕರೆಂಟು ಏರಿಳಿದು ಮದರ್‌ಬೋರ್ಡಿನ ಒಂದು ಮೂಲೆ ಕರಕಲಾಗಿತ್ತು. ಹಾರ್ಡ್ ಡಿಸ್ಕಿಗೆ ಜೀವವಿತ್ತು, ಆದರೆ ಕರಕರ ಅನ್ನುತ್ತಿತ್ತು. ಎಂದಿನಂತೆ ಹೇಳಿದೆ: "ಅಕ್ಕಾ, ಇದರ ಕಾಲ ಮುಗೀತು. ಹೊಸದು ತಗೊಳ್ಳಿ."

ಅಕ್ಕ ಸಿಟ್ಟಾಗಲಿಲ್ಲ. ನನ್ನನ್ನು ಮಗ್ಗದ ಹತ್ತಿರ ಕರೆದುಕೊಂಡು ಹೋದರು.

"ಮಿಸೀನಿನ ಪಟ್ಟಿ ಇದ್ರ ಒಳಗ ಕೂತದ. ಹೊಸ ಕಂಪ್ಯೂಟರಲ್ಲಿ ಅದು ಕೂರೋ ಜಾಗವೇ ಇಲ್ವಂತಲ್ಲ. ಹಂಗಾದ್ರ ಹೊಸ ಮಿಸೀನು ತಕಬೇಕು. ಹೊಸ ಮಿಸೀನು ಬಂದ್ರ ಕಾರ್ಡಿನ ಅಳತೆ ಬದಲಾಯ್ತದ. ಅಳತೆ ಬದಲಾದ್ರ ಮಗ್ಗದ ಮ್ಯಾಲಿರೋ ಜಕಾರ್ಡು ಕಿತ್ತಾಕ್ಬೇಕು. ಒಂದು ಕಂಪ್ಯೂಟರ್‌ಗೋಸ್ಕರ ಇಡೀ ಮಗ್ಗದ ಮನೆ ಬಿಚ್ಚಾಕಾದದ್ದಾ, ಕೂಸೆ?"

ಅವರು ಹೇಳಿದ್ದು ನಿಜ. ಮಿಷನ್ನಿಗೆ ಸಂಪರ್ಕ ಕೊಡುವ ಸರ್ಕ್ಯೂಟ್ ಪಟ್ಟಿ ಕೂರಲು ಮದರ್‌ಬೋರ್ಡಿನಲ್ಲಿ ಉದ್ದನೆಯ ಹಳೇ ಸ್ಲಾಟೇ ಬೇಕು. ಆ ಮಿಷನ್ನು, ಪಟ್ಟಿ ಮಾರಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಪಕ್ಕದ ಮಗ್ಗದಲ್ಲಿ ಮದುವೆ ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ಸೆರಗಿನ ಕಾರ್ಡುಗಳನ್ನು ಇಲಿ ಕಡಿದು ಹಾಕಿತ್ತು. ಅವನ್ನು ಹೊಸದಾಗಿ ಹೊಡೆಯದೆ ನೇಕಾರ ಮುಂದುವರಿಯುವಂತಿಲ್ಲ, ಹಾಸಿನ ಎಳೆಗಳನ್ನು ಕತ್ತರಿಸಿ ಸೀರೆ ಇಳಿಸುವಂತೆಯೂ ಇಲ್ಲ. ಆತ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನನ್ನ ಮುಖವನ್ನೇ ನೋಡುತ್ತಿದ್ದ. "ಕೈಯಲ್ಲಿ ತೂತು ಹೊಡೆಯೋರು ಈಗ ಯಾರೂ ಇಲ್ಲ ಕಣಕ್ಕಾ" ಅಂದ.

ಅಂಥದ್ದೇ ಬೋರ್ಡು ಹುಡುಕಿ ತಂದೇ ತರುತ್ತೇನೆ ಅಂತ ಹೇಳಿ ಹೊರಟೆ.

ಮರುದಿನ ಬೆಳಿಗ್ಗೆ ಯಳಂದೂರಿನ ಅಕ್ಕಿ ಗಿರಣಿಗೆ ಹೋದೆ. ಅಲ್ಲೊಂದು ಆ ಕಾಲದ ಕಂಪ್ಯೂಟರ್ ಇರುವುದು ನನಗೆ ಗೊತ್ತಿತ್ತು. ಗಿರಣಿಯ ಯಜಮಾನರು ಕಾಫಿ ಕೊಟ್ಟರು, ಕಂಪ್ಯೂಟರ್ ಕೊಡಲಿಲ್ಲ. "ಲಾರಿ ತೂಗೋ ವೇ ಬ್ರಿಡ್ಜು ಇದ್ರ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ ಕಣ್ರಿ. ಇನ್ನೇನಾದ್ರೂ ಕೇಳಿ."

ಅಲ್ಲಿಂದ ಹನೂರಿನ ಬಸ್ಸು ಹತ್ತಿದೆ. ರಕ್ತ ಪರೀಕ್ಷೆಯ ಲ್ಯಾಬ್ ನಡೆಸುವ ಹುಡುಗಿ ನನಗೆ ಪರಿಚಯ. ಅವಳ ಕಂಪ್ಯೂಟರಿಗೂ ಅಷ್ಟೇ ವಯಸ್ಸು. ಕೇಳುವ ಮೊದಲೇ ಅದರ ಮೇಲೆ ಕೈ ಇಟ್ಟುಕೊಂಡಳು. "ಅಕ್ಕಾ, ರಕ್ತ ಎಣಿಸೋ ಮಿಷನ್ನು ಇದಕ್ಕೆ ಮಾತ್ರ ರಿಪೋರ್ಟು ಕೊಡೋದು. ಇದು ನಿಂತ್ರೆ ಮಾರ್ಟಳ್ಳಿ, ಒಡೆಯರಪಾಳ್ಯದಿಂದ ಬರೋರು ಕೊಳ್ಳೇಗಾಲದವರೆಗೂ ಹೋಗ್ಬೇಕು." ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಎಷ್ಟು ಸಲ ಇದೇ ಹುಡುಗಿಗೆ ಹೊಸದು ಹಾಕಿಸು ಅಂದಿದ್ದೆನೋ! ಅವಳು ಪ್ರತಿ ಸಲ ನಕ್ಕು ಮಾತು ತೇಲಿಸುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಅವಳೇ ದಾರಿ ತೋರಿಸಿದಳು. ಮುಚ್ಚಿಹೋದ ಒಂದು ಕಂಪ್ಯೂಟರ್ ಟ್ಯೂಶನ್ನಿನವರು ಹಳೇ ಸಾಮಾನನ್ನೆಲ್ಲ ಊರಾಚೆಯ ಗುಜರಿಗೆ ಹಾಕಿದ್ದರಂತೆ. ಆಟೋ ಹಿಡಿದು ಹೋದರೆ ಗುಜರಿಯ ಮುಂದೆ ಲಾರಿ ಸ್ಟಾರ್ಟ್ ಆಗಿ ನಿಂತಿದೆ.

"ಲೋಡು ಕಟ್ಟಿಯಾಚ್ಚು ಮ್ಯಾಡಂ" ಅಂದ ತಮಿಳುನಾಡಿನ ಡ್ರೈವರು. "ಇರುಟ್ಟುಕ್ಕು ಮುನ್ನ, ಕತ್ಲಾಗೋಕ್ ಮುಂಚೆ, ಪಾಲಾರ್ ಗಡಿ ದಾಟ್ಬೇಕು. ಬುಟ್ಬುಡಿ."

"ದಾಟೀರಂತೆ. ಹಗ್ಗ ಬಿಚ್ಚಿ."

"ಎನ್ನ ಮ್ಯಾಡಂ, ಎಲ್ಲಾ ತುಕ್ಕು ಹಿಡ್ದ ಡಬ್ಬ. ಏನ್ ಹುಡುಕ್ತೀರಾ?"

"ಒಂದು ಮನೆಯ ಮಗ್ಗ ನಿಂತಿದೆ. ನೀವು ಹಗ್ಗ ಬಿಚ್ಚೋವರೆಗೂ ನಾನು ಲಾರಿ ಮುಂದಿನಿಂದ ಏಳಲ್ಲ" ಎಂದು ರಸ್ತೆಯಲ್ಲಿ ಕೂತೇಬಿಟ್ಟೆ. ಗುಜರಿಯಾತ ನಗಲು ಶುರುಮಾಡಿದ. ಡ್ರೈವರ್ ಮಾತ್ರ ನಗಲಿಲ್ಲ. ಹಾರ್ನ್ ಹೊಡೆದ, ಬೀಡಿ ಹಚ್ಚಿದ, ತಮಿಳಿನಲ್ಲಿ ಏನೇನೋ ಗೊಣಗಿದ. ಕೊನೆಗೆ ತಾನೇ ಇಳಿದು ಬಂದು ಹಗ್ಗ ಸಡಿಲಿಸಿದ.

ಸೆರಗು ಸಿಕ್ಕಿಸಿಕೊಂಡು ಲೋಡಿನ ಮೇಲೆ ಹತ್ತಿದೆ. ತಗಡಿಗೆ ಬಿಸಿಲು ಬಿದ್ದು ಮುಟ್ಟಿದರೆ ಅಂಗೈ ಸುಡುತ್ತಿತ್ತು. ಫ್ಯಾನು, ಸೈಕಲ್ ಚೌಕಟ್ಟು, ಬಕೆಟ್ಟುಗಳ ಅಡಿಯಲ್ಲಿ ಕ್ಯಾಬಿನೆಟ್ಟುಗಳಿದ್ದವು. ಒಂದೊಂದನ್ನೇ ತೆರೆದು ನೋಡಿದೆ. ಸಾಕಾಗಿ ಇಳಿಯೋಣ ಅನ್ನಿಸುವ ಹೊತ್ತಿಗೆ ಆ ಉದ್ದನೆಯ ಕಪ್ಪು ಸ್ಲಾಟು ಕಂಡಿತು. ಬೋರ್ಡಿನ ತುಂಬ ಹಲ್ಲಿ ಮೊಟ್ಟೆ. ಎದೆಗವಚಿಕೊಂಡು ಇಳಿದೆ. ಡ್ರೈವರ್ ನನ್ನ ಕೈ ನೋಡಿ, ಕ್ಯಾನಿನ ನೀರು ಸುರಿದು ತೊಳೆಸಿಯೇ ಹೊರಟ.

ಅಕ್ಕನ ಮನೆಗೆ ವಾಪಸು ಬಂದು ಬೋರ್ಡು ಒರೆಸಿ ಒಣಗಿಸಿ ಕೂರಿಸಿದೆ. ಕರಕರ ಅನ್ನುವ ಡಿಸ್ಕಿನಲ್ಲಿದ್ದುದನ್ನೆಲ್ಲ ಹಳೇ ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಇಳಿಸಿ, ಡಿಸ್ಕಿನ ಜಾಗದಲ್ಲಿ ಅಡಾಪ್ಟರ್ ಹಾಕಿ ಅದನ್ನೇ ಸಿಕ್ಕಿಸಿದೆ. ಪರದೆ ಬೆಳಗಿತು. ಅಕ್ಕ ದೇವರ ಪಟದ ಕಡೆ ನೋಡಿದರು. ಆದರೆ ಮಿಷನ್ನು ಹೊಡೆದ ಮೊದಲ ಕಾರ್ಡಿನಲ್ಲಿ ತೂತುಗಳೆಲ್ಲ ಒಂದು ಸಾಲು ಪಕ್ಕಕ್ಕೆ ಸರಿದಿದ್ದವು. ನೇಕಾರ ಅದನ್ನು ನೋಡಿ ಕೆಳಗಿಟ್ಟ.

ಅಕ್ಕ, "ಸಾಕು ಬುಡವ್ವಾ, ನಿನ್ನ ಕೈಲಿ ಆದಷ್ಟ ಮಾಡ್ದಲ್ಲ" ಅಂದರು.

"ಇಲ್ಲ ಅಕ್ಕಾ, ಇನ್ನೂ ಆಗಿಲ್ಲ."

ಎರಡು ದಿನ ಅಂಗಡಿಗೆ ಬೀಗ ಹಾಕಿ ಅಲ್ಲೇ ಕೂತೆ. ಸೆಟ್ಟಿಂಗ್ ಬದಲಿಸುವುದು, ಕಾರ್ಡು ಹೊಡೆಸುವುದು, ಎಸೆಯುವುದು. ಕೊನೆಗೆ ಸಿಕ್ಕಿದ್ದು ತೀರಾ ಸಣ್ಣ ತಪ್ಪು: ಸಂಪರ್ಕದ ಪಟ್ಟಿಯ ಮೇಲಿನ ಒಂದು ಪುಟ್ಟ ಪಿನ್ನು ಬೋರ್ಡು ಬದಲಿಸುವಾಗ ಬಾಗಿತ್ತು. ನೆಟ್ಟಗೆ ಮಾಡಿದೆ. ಮುಂದಿನ ಕಾರ್ಡನ್ನು ನೇಕಾರ ಕಿಟಕಿಯ ಬೆಳಕಿಗೆ ಹಿಡಿದು, ಇಲಿ ಕಡಿದು ಬಿಟ್ಟಿದ್ದ ತುಂಡನ್ನು ಅದರ ಮೇಲಿಟ್ಟು ನೋಡಿದ. ತೂತಿಗೆ ತೂತು ಕೂಡಿತು. "ಹೊಡೀರಿ ಅಕ್ಕಾ" ಅಂದ. ಸೀರೆ ಆ ವಾರವೇ ಮಗ್ಗದಿಂದ ಇಳಿಯಿತು.

ಅಷ್ಟಕ್ಕೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಈ ಬೋರ್ಡೂ ಒಂದು ದಿನ ಸಾಯುತ್ತದೆ, ಆಗ ಲಾರಿ ಸಿಗದೆ ಹೋಗಬಹುದು ಎಂದು ಅಕ್ಕನಿಗೆ ಬಿಡಿಸಿ ಹೇಳಿದೆ. ವೈರಸ್ ಹೊಗದಂತೆ ಇಂಟರ್‌ನೆಟ್ಟಿನ ತಂತಿಯಾಗಲೀ ಪೆನ್ ಡ್ರೈವ್ ಆಗಲೀ ಇದರ ಹತ್ತಿರ ಸುಳಿಯಬಾರದು ಅಂತಲೂ ಹೇಳಿದೆ. ಅವರು, "ಮೊದ್ಲು ಒಂದು ಮಗ್ಗಕ್ಕ ಹೊಸ ಜಕಾರ್ಡು ಹಾಕುಸ್ತೀನಿ. ಅದು ಚೆಂದಾಗಿ ನಡುದ್ರ ಇನ್ನೊಂದು. ಅಲ್ಲೀಗಂಟ ಇದು ಬದುಕಿರ್ಬೇಕು" ಅಂದರು.

ಈಗ ಭಾನುವಾರದ ಮಧ್ಯಾಹ್ನಗಳಲ್ಲಿ ನಾನು ಹೊಸ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋಗುತ್ತೇನೆ. ಹೊಸ ಜಕಾರ್ಡಿಗಾಗಿ, ಹಳೇ ಪರದೆಯ ಮೇಲಿನ ಡಿಸೈನನ್ನು ಹೊಸದರಲ್ಲಿ ಚೌಕ ಚೌಕವಾಗಿ ತುಂಬುತ್ತೇವೆ. ಹೋದ ವಾರ ರುದ್ರಾಕ್ಷಿ ಅಂಚಿನಲ್ಲಿ ಒಂದೇ ಒಂದು ಚೌಕಕ್ಕೆ ಜಗಳವಾಯಿತು. ಅದು ಹಳೇ ಪ್ರೋಗ್ರಾಮಿನ ತಪ್ಪು ಅಂತ ನಾನು, ಅದಿಲ್ಲದಿದ್ದರೆ ಜರಿ ಸಡಿಲಾಗುತ್ತದೆ ಅಂತ ಅವರು. ಇನ್ನೂ ತೀರ್ಮಾನವಾಗಿಲ್ಲ. ಬರುವ ಭಾನುವಾರ ಆ ಚೌಕ ಇಟ್ಟು ಒಂದು, ಬಿಟ್ಟು ಒಂದು ನೇಯಿಸಿ ನೋಡುವುದೆಂದು ಒಪ್ಪಿಕೊಂಡಿದ್ದೇವೆ.