ಮೈವಾಸನೆಯ ಬಗ್ಗೆ ನಿಜ ಹೇಳಿದಾಗ

“ನಿಜ ಹೇಳವ್ವ, ನನ್ ಮೈ ವಾಸ್ನೆ ಬತ್ತಾ ಐತಾ?”

ವನಗೂರಿನಿಂದ ಸಕಲೇಶಪುರಕ್ಕೆ ಹೊರಟಿದ್ದ ಜೀಪಿನಲ್ಲಿ ಪಕ್ಕದ ಹಿರಿಯರು ಕಿವಿಯ ಬಳಿ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ಜ್ವರ ಬಂದು ಹೋದ ಮೇಲೆ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲವಂತೆ. ಆಸ್ಪತ್ರೆಯಲ್ಲಿ ಹೆತ್ತು ಮಲಗಿದ್ದ ಮಗಳನ್ನು, ಮೊಮ್ಮಗುವನ್ನು ನೋಡಲು ಹೊರಟಿದ್ದರು. ಎದುರು ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದದ್ದು ಅವರ ಕಣ್ಣಿಗೆ ಬಿದ್ದಿತ್ತು.

ವಾಸನೆ ಬರುತ್ತಿದ್ದುದು ನಿಜ. ಅಷ್ಟು ಜನರ ನಡುವೆ ಹೌದು ಅನ್ನಲಾಗದೆ, ಇಲ್ಲ ಅನ್ನಲೂ ಬಾಯಿ ಬಾರದೆ ದಾರಿಯುದ್ದಕ್ಕೂ ಚಡಪಡಿಸಿದೆ. ಇಳಿದ ಮೇಲೆ ಮೆಲ್ಲಗೆ ಹೇಳಿದೆ: “ಬತ್ತೈತೆ ಕಣ್ರೀ. ಮಳೇಲಿ ಒಣಗ್ದೆ ಅಂಗಿ ಮುಗ್ಗುಲು ಹಿಡಿದೈತೆ, ಬೆವರೂ ಸೇರ್ಕೊಂಡೈತೆ.”

ಅವರು ಮಗಳನ್ನು ನೋಡದೆಯೇ ಊರಿಗೆ ಮರಳುವ ಜೀಪಿನತ್ತ ತಿರುಗಿಬಿಟ್ಟರು. ನಾನು ಓಡಿಹೋಗಿ ತಡೆದು, ಅಣ್ಣನಿಗೆಂದು ಇಸ್ತ್ರಿ ಮಾಡಿಸಿ ಒಯ್ಯುತ್ತಿದ್ದ ಹತ್ತಿಯ ಅಂಗಿಯನ್ನೂ ನನ್ನ ಟವೆಲನ್ನೂ ಕೈಗಿಟ್ಟೆ. ಅವರು ಬಸ್ ನಿಲ್ದಾಣದ ನಲ್ಲಿಯಲ್ಲಿ ಕಂಕುಳು ಚೆನ್ನಾಗಿ ತೊಳೆದು, ತೇವ ಉಳಿಯದಂತೆ ಒರೆಸಿ, ಅಂಗಿ ಬದಲಿಸಿ ಬಂದರು. ಈಗ ವಾಸನೆ ಇಲ್ಲವೆಂದರೂ ಅವರಿಗೆ ನಂಬಿಕೆ ಬರಲಿಲ್ಲ. ಆಸ್ಪತ್ರೆಯವರೆಗೂ ಜೊತೆಗೆ ನಡೆದೆ. ಮಗಳು ಮಗುವನ್ನು ಅವರ ಕೈಗೆ ಕೊಟ್ಟಾಗ ಅವರು ಮಗುವನ್ನು ನೋಡಲಿಲ್ಲ, ಉಸಿರು ಬಿಗಿಹಿಡಿದು ಮಗಳ ಮುಖವನ್ನೇ ನೋಡಿದರು.

“ಸರಿಯಾಗಿ ಅವುಚ್ಕಳಪ್ಪಾ, ಮಗೀಗೆ ಚಳಿ ಆಯ್ತದೆ,” ಎಂದು ಅವಳು ನಕ್ಕಳು.

ಈಗೆಲ್ಲ ಜೀಪಿನಲ್ಲಿ ಯಾರಾದರೂ ತೋಳುಗಳನ್ನು ಮೈಗೊತ್ತಿಕೊಂಡು ಮುದುರಿ ಕೂತದ್ದು ಕಂಡರೆ ನನಗೆ ತಳಮಳ. ವಾಸನೆ ಬರುತ್ತಿದೆಯಾ ಎಂದು ಕೇಳಲು ಪಕ್ಕದಲ್ಲಿ ಯಾರೂ ಇಲ್ಲದೆ ಹಾಗೆ ಕೂತಿದ್ದಾರೇನೋ ಎಂದು.